ಯಾರನ್ನು ಕೇಳಿ ಇಲ್ಲವೆಂದೆವು?

ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದ ಕುರುಚಲು ಕಾಡಿನಲ್ಲಿ ವನ್ಯಜೀವಿ ವಿಜ್ಞಾನಿ ಸಂಜಯ್ ಗುಬ್ಬಿ ಮತ್ತು ಸಂಗಡಿಗರು ಮರಗಳಿಗೆ ಕ್ಯಾಮೆರಾ ಕಟ್ಟಿದ್ದು ಚಿರತೆಗಳ ಲೆಕ್ಕಕ್ಕೆ. ಆ ಕ್ಯಾಮೆರಾಗಳಲ್ಲಿ ಸಿಕ್ಕಿಬಿದ್ದದ್ದು ಚಿಂಕಾರ ಎಂಬ ಹುಲ್ಲೆ. ಕರ್ನಾಟಕದಲ್ಲಿ ಚಿಂಕಾರ ಅಂದರೆ ಬಾಗಲಕೋಟೆಯ ಯಡಹಳ್ಳಿ ಕಡೆಯದು, ತುಮಕೂರು ಸೀಮೆಗೂ ಅದಕ್ಕೂ ಸಂಬಂಧವಿಲ್ಲ ಎಂದೇ ತಿಳಿದವರ ಎಣಿಕೆಯಾಗಿತ್ತು. ಕೃಷ್ಣಮೃಗ ಮತ್ತು ಕೊಂಡುಕುರಿಯೂ ಅದೇ ಕಾಡಿನಲ್ಲಿವೆ. 2019ರಲ್ಲಿ ಸುಮಾರು 136 ಚದರ ಕಿಲೋಮೀಟರ್ ಜಾಗ ಬುಕ್ಕಾಪಟ್ಟಣ ಚಿಂಕಾರ ವನ್ಯಜೀವಿಧಾಮವಾಯಿತು.

ಚಿಂಕಾರ ನಮ್ಮ ಮೇಕೆಗಿಂತ ಹೆಚ್ಚು ದೊಡ್ಡದಲ್ಲ, ಇಪ್ಪತ್ತು ಕಿಲೋ ಆಸುಪಾಸಿನ ಜೀವ. ಒಣಹುಲ್ಲಿನ ಬಣ್ಣದ ಮೈ. ಕಣ್ಣಿನಿಂದ ಮೂತಿಯವರೆಗೆ ಇಳಿದ ಬಿಳಿ ಗೆರೆ, ಅದರ ಪಕ್ಕಕ್ಕೊಂದು ಕಪ್ಪು ಗೆರೆ. ಕರಿಬಾಲ ಸುಮ್ಮನಿರುವುದೇ ಇಲ್ಲ. ತಿಂದ ಸೊಪ್ಪಿನ ಪಸೆ ಮತ್ತು ಇಬ್ಬನಿಯಲ್ಲೇ ಎಷ್ಟೋ ದಿನ ಕಳೆಯಬಲ್ಲದು, ಕೆರೆಕಟ್ಟೆಗೆ ಬರಲೇಬೇಕೆಂದಿಲ್ಲ. ಕೃಷ್ಣಮೃಗದ ಹಾಗೆ ದೊಡ್ಡ ಹಿಂಡು ಕಟ್ಟಿಕೊಂಡು ಬಯಲಿನಲ್ಲಿ ನಿಲ್ಲುವ ಸ್ವಭಾವವೂ ಅಲ್ಲ. ಒಂಟಿಯಾಗಿಯೋ ಮೂರು ನಾಲ್ಕು ಕೂಡಿಯೋ, ಬಂದರೆಗಿಡ, ಜಾಲಿಗಳ ಮರೆಯಲ್ಲಿ ಇರುತ್ತದೆ. ನೋಡಲು ಹೋಗದವರ ಕಣ್ಣಿಗೆ ಅದು ಬೀಳುವುದಾದರೂ ಹೇಗೆ?

ಇಂಥ ಸುದ್ದಿ ಬಂದಾಗಲೆಲ್ಲ 'ಮರಳಿ ಬಂತು', 'ಪತ್ತೆಯಾಯಿತು' ಎಂದು ನಾವು ಸಂತೋಷಪಡುತ್ತೇವೆ. ಸಂತೋಷ ಸರಿಯೇ. ಆದರೆ ಚಿಂಕಾರ ಎಲ್ಲಿಗೂ ಹೋಗಿರಲಿಲ್ಲವಲ್ಲ! ಮೈಸೂರು ಸೀಮೆಯ ಜನ ಅದನ್ನು 'ಸಂಕಹುಲ್ಲೆ' ಎಂದು ಕರೆಯುತ್ತಿದ್ದರೆಂದು ಹತ್ತೊಂಬತ್ತನೇ ಶತಮಾನದ ಪ್ರಾಣಿಗ್ರಂಥಗಳಲ್ಲೇ ಬರೆದಿದೆ. ಹೆಸರಿಟ್ಟು ಕರೆದವರು ಕಂಡೇ ಕರೆದಿರಬೇಕು. ಕಂಡವರ ಮಾತು ಪಟ್ಟಿ ಮಾಡುವವರ ಕಿವಿಗೆ ಮುಟ್ಟಲಿಲ್ಲ, ಅಷ್ಟೆ. 'ಇಲ್ಲ' ಎನ್ನುವಾಗ ನಾವು ನಿಜವಾಗಿ ಹೇಳುತ್ತಿರುವುದು 'ನಮಗೆ ಕಾಣಲಿಲ್ಲ' ಎಂದು. ಇವೆರಡರ ನಡುವೆ ಇರುವ ಅಂತರ ಸಣ್ಣದಲ್ಲ. ಒಂದು ಜೀವ ಉಳಿಯುವುದೋ ಅಳಿಯುವುದೋ ಎಷ್ಟೋ ಸಲ ಅಲ್ಲೇ ತೀರ್ಮಾನವಾಗುತ್ತದೆ.

ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿ ಕೊರಟಗೆರೆ, ಮಧುಗಿರಿ ಸೀಮೆಗಳನ್ನು ಹಾದು ಉತ್ತರ ಪಿನಾಕಿನಿಯನ್ನು ಸೇರುತ್ತಾಳೆ. ಆ ನೀರು ಅನಂತಪುರದ ಕಡೆಯಿಂದ ಕಡಪಕ್ಕೆ ಹರಿಯುತ್ತದೆ. ಮೂರು ದಿಕ್ಕಿಗೂ ಆಂಧ್ರವನ್ನೇ ಹೊದ್ದ ಪಾವಗಡದ ಮುಳ್ಳುಗಾಡು ಅದೇ ಸೀಮೆಯದು, ನಡುವಿನ ಗಡಿ ನಾವು ಗೀಚಿಕೊಂಡದ್ದು. ಈ ನೆಲದಲ್ಲಿ ಇಂಥದೇ ಒಂದು ಹಕ್ಕಿಯ ಕತೆಯಿದೆ. ಮದ್ರಾಸಿನ ಸೇನೆಯಲ್ಲಿ ವೈದ್ಯನಾಗಿದ್ದ ಥಾಮಸ್ ಜೆರ್ಡನ್‌ಗೆ ಅದು ಸಿಕ್ಕಿತು, 1848ರಲ್ಲಿ ಪ್ರಾಣಿಶಾಸ್ತ್ರಜ್ಞ ಎಡ್ವರ್ಡ್ ಬ್ಲೈತ್ ಅದನ್ನು ಲೋಕಕ್ಕೆ ಪರಿಚಯಿಸಿದ. ಹೆಸರು ಜೆರ್ಡನ್ಸ್ ಕೋರ್ಸರ್. ಎದೆಯ ಮೇಲೆ ಎರಡು ಪಟ್ಟಿ, ಹಗಲೆಲ್ಲ ಪೊದೆಯ ಬುಡದಲ್ಲಿ ಮಣ್ಣಿನ ಬಣ್ಣವಾಗಿ ಕೂತು ಇರುಳಲ್ಲಿ ಹುಳ ಹುಡುಕುತ್ತ ಓಡಾಡುವ ಹಕ್ಕಿ. 1900ರಲ್ಲಿ ಅನಂತಪುರದ ಹತ್ತಿರ ಅದನ್ನು ಕಂಡ ದಾಖಲೆಯೇ ಕೊನೆ. ಆಮೇಲೆ ಹುಡುಕಿ ಸೋತವರಿದ್ದಾರೆ. ಎಂಬತ್ತಕ್ಕೂ ಹೆಚ್ಚು ವರ್ಷ ಅದು ಪುಸ್ತಕಗಳಲ್ಲಿ ಸತ್ತೇ ಇತ್ತು.

1986ರ ಜನವರಿಯಲ್ಲಿ, ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಭರತ್ ಭೂಷಣ್ ಕಡಪ ಜಿಲ್ಲೆಯ ರೆಡ್ಡಿಪಲ್ಲಿ ಹತ್ತಿರ ಅದು ಬದುಕಿರುವುದನ್ನು ಕಂಡರು. ಹಾಗೆಂದರೆ ಅರ್ಧ ಮಾತು ಮಾತ್ರ. ಭೂಷಣ್ ಸ್ಥಳೀಯರನ್ನು ಕೇಳುತ್ತ ತಿರುಗಿದ್ದರು. ರಾತ್ರಿ ಬೆಳಕು ಹಿಡಿದು ಪೊದೆಗಳ ನಡುವೆ ನಡೆದು ಹಕ್ಕಿಯನ್ನು ಹಿಡಿದು ತಂದದ್ದು ಅಲ್ಲಿಯ ಒಬ್ಬ ಬೇಟೆಗಾರ. ಅವರ ತೆಲುಗಿನಲ್ಲಿ ಅದು ಕಲಿವಿಕೋಡಿ. ಲೋಕದ ಪಕ್ಷಿತಜ್ಞರು ಅಳಿದುಹೋಯಿತೆಂದು ಕೈಬಿಟ್ಟ ಕಾಲದಲ್ಲೂ ಆ ಊರಿನವರಿಗೆ ಕಲಿವಿಕೋಡಿ ಕಲಿವಿಕೋಡಿಯೇ ಆಗಿತ್ತು. ಸಿಕ್ಕ ಹಕ್ಕಿ ಹೆಚ್ಚು ದಿನ ಬದುಕಲಿಲ್ಲ ಎಂಬುದು ಓದಿದಾಗಲೆಲ್ಲ ನನಗೆ ನೋವಾಗುವ ಸಂಗತಿ.

ಈ ಹಕ್ಕಿಗಾಗಿಯೇ ಶ್ರೀ ಲಂಕಮಲ್ಲೇಶ್ವರ ಅಭಯಾರಣ್ಯ ಆಯಿತು. ಆಮೇಲೂ ಹಕ್ಕಿಯನ್ನು ನೋಡಿದವರು ಬೆರಳೆಣಿಕೆ. ಸಂಶೋಧಕ ಪಿ. ಜೆಗನಾಥನ್ ಮತ್ತು ಜೊತೆಯವರು ಪೊದೆಗಳ ನಡುವೆ ನುಣ್ಣನೆಯ ಮಣ್ಣಿನ ಪಟ್ಟಿಗಳನ್ನು ಹಾಸಿ, ಬೆಳಗಾದ ಮೇಲೆ ಅವುಗಳ ಮೇಲಿನ ಹೆಜ್ಜೆಗುರುತು ಓದಿ ಅದರ ನೆಲೆ ತಿಳಿದುಕೊಂಡರು. ಪೊದೆ ತೀರಾ ದಟ್ಟವಾದರೂ ಅದಕ್ಕೆ ಆಗದು, ತೀರಾ ಬಯಲಾದರೂ ಆಗದು ಎಂದು ಗೊತ್ತಾದದ್ದು ಹಾಗೆ. ಅಂದರೆ ಹದವಾಗಿ ದನ ಕುರಿ ಮೇಯುವ, ಹದವಾಗಿ ಸೌದೆ ಕಡಿಯುವ ನೆಲ. ಈ ಮಾತು ನನಗೆ ಬಹಳ ಮುಖ್ಯವೆನಿಸುತ್ತದೆ. ಕುರಿಗಾಹಿಯನ್ನು ಹೊರದಬ್ಬಿ ಬೇಲಿ ಹಾಕಿದರೆ ಕಾಡು ಉಳಿಯಿತು ಎನ್ನುವವರು ಇದನ್ನೊಮ್ಮೆ ಯೋಚಿಸಬೇಕು. ಈ ನಡುವೆ ತೆಲುಗು ಗಂಗಾ ಕಾಲುವೆಗಾಗಿ ಯಂತ್ರಗಳು ಅದೇ ಪೊದೆಗಳತ್ತ ಬಂದವು. ಗಲಾಟೆಯಾಗಿ ಕಾಲುವೆಯ ದಾರಿ ಬದಲಾಯಿತು. ಹಕ್ಕಿ ಮಾತ್ರ ಮತ್ತೆ ವರ್ಷಗಟ್ಟಲೆ ಕಾಣದಾಯಿತು. 2025ರಲ್ಲಿ ಅದರ ಕೂಗು ಪುನಃ ದಾಖಲಾಯಿತೆಂಬ ಸುದ್ದಿ ಬಂದಾಗ ಕಣ್ಣು ತುಂಬಿಕೊಂಡವರಲ್ಲಿ ನಾನೂ ಒಬ್ಬ.

ಕುರುಚಲು ನೆಲಕ್ಕೆ ನಮ್ಮಲ್ಲಿ ಮರ್ಯಾದೆಯೇ ಇಲ್ಲ. ಪಹಣಿಯಲ್ಲಿ ಖರಾಬು, ದೇಶದ ಬಂಜರು ಭೂಮಿಯ ನಕ್ಷೆಯಲ್ಲಿ ಕುರುಚಲಿಗೂ ಒಂದು ಬಣ್ಣ. ಮಲೆನಾಡಿನ ಒಂದು ಮರ ಬಿದ್ದರೆ ಹುಯಿಲೆಬ್ಬಿಸುವ ನಾವು, ಬಯಲುಸೀಮೆಯಲ್ಲಿ ತಂಗಡಿ, ಕವಳೆ, ಎಲಚಿಯ ಪೊದೆಗಳನ್ನು ಕಿತ್ತು ನೀಲಗಿರಿ ನೆಟ್ಟರೆ ಅದನ್ನು ಅಭಿವೃದ್ಧಿ ಎನ್ನುತ್ತೇವೆ. ಅಮೃತಮಹಲ್ ಕಾವಲುಗಳು ಕರಗಿದ್ದು ಹೀಗೆಯೇ. ಅಲ್ಲಿ ಏನೂ ಇಲ್ಲ ಎಂದು ಮೊದಲು ಹೇಳಿಕೊಳ್ಳುತ್ತೇವೆ, ಆ ಮಾತೇ ನಮಗೆ ಅಪ್ಪಣೆಯಾಗುತ್ತದೆ.

ಪಾವಗಡದ ತಿರುಮಣಿ ಸುತ್ತ ಸುಮಾರು 13,000 ಎಕರೆಯಲ್ಲಿ ಸೌರ ಫಲಕಗಳು ಹರಡಿವೆ, 2,050 ಮೆಗಾವ್ಯಾಟ್ ಸಾಮರ್ಥ್ಯದ ಉದ್ಯಾನ. ಬರಗಾಲದ ಮೇಲೆ ಬರಗಾಲ ಉಂಡ ರೈತರು ತಮ್ಮ ಹೊಲವನ್ನು ಗೇಣಿಗೆ ಕೊಟ್ಟರು. ಕಡಲೆಕಾಯಿ ಬಿತ್ತಿ ಕಾಯಿ ಕಾಣದ ಮನೆಗೆ ವರ್ಷಕ್ಕೊಮ್ಮೆ ಬರುವ ಹಣವನ್ನು ಬೇಡವೆನ್ನು ಎಂದು ಹೇಳುವ ಹಕ್ಕು ಊಟಕ್ಕೆ ಕೊರತೆಯಿಲ್ಲದ ನನಗಿಲ್ಲ. ಕಲ್ಲಿದ್ದಲಿಗಿಂತ ಬಿಸಿಲು ಮೇಲು ಎಂಬುದೂ ನಿಜ. ಆದರೂ ಫಲಕ ಹಾಸುವ ಮುಂಚೆ ಆ ಹೊಲಗಳ ಅಂಚಿನ ಪೊದೆಗಳಲ್ಲಿ, ಹಳ್ಳದ ದಂಡೆಯಲ್ಲಿ ಇರುಳು ಯಾರ ಓಡಾಟವಿದೆ ಎಂದು ನೋಡುವಷ್ಟು ವ್ಯವಧಾನ ದೊಡ್ಡ ಯೋಜನೆಗಳಿಗೆ ಇರಬೇಕು. ರೈತನಿಗೆ ಇದರಿಂದ ಒಂದು ಪೈಸೆಯೂ ಕಡಿಮೆಯಾಗುವುದಿಲ್ಲ.

ಇದೇ ಸೀಮೆಯಲ್ಲಿ ಬೇರೆ ನಡೆಯೂ ಇದೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಕೃಷ್ಣಮೃಗಗಳ ಹುಲ್ಲುಗಾವಲು 798 ಎಕರೆಯ ಜಯಮಂಗಲಿ ಸಂರಕ್ಷಿತ ಪ್ರದೇಶವಾಗಿ ಉಳಿದಿದೆ. ಶಿರಾ ಹತ್ತಿರದ ಕಗ್ಗಲಡುವಿನಲ್ಲಿ ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ. ಹಿಕ್ಕೆಯ ನಾತ, ಮರಿಗಳ ಗದ್ದಲ ಎಲ್ಲವನ್ನೂ ಸಹಿಸಿಕೊಂಡು ಊರಿನವರು ಅವುಗಳನ್ನು ಕಾಯುತ್ತಾರೆ.

ಕೇಳದೆಯೇ ಇಲ್ಲವೆನ್ನುವುದು ನಮ್ಮಲ್ಲಿ ಮಾತ್ರವಲ್ಲ. 1938ರಲ್ಲಿ ದಕ್ಷಿಣ ಆಫ್ರಿಕದ ಕಡಲಲ್ಲಿ ಸೀಲಕ್ಯಾಂತ್ ಎಂಬ ಮೀನು ಬಲೆಗೆ ಬಿದ್ದಾಗ, ಡೈನೋಸಾರ್‌ಗಳ ಕಾಲಕ್ಕೇ ಅಳಿದದ್ದು ಎದ್ದು ಬಂತೆಂದು ಜಗತ್ತು ಬೆರಗಾಯಿತು. ಕೊಮೊರೊಸ್ ದ್ವೀಪಗಳ ಬೆಸ್ತರಿಗೆ ಅದು ಆಗೀಗ ಗಾಳಕ್ಕೆ ಸಿಕ್ಕುವ ಮೀನು. ಅವರನ್ನು ಯಾರೂ ಕೇಳಿರಲಿಲ್ಲ.

ಪಾವಗಡ, ಮಡಕಶಿರಾ ಗಡಿಯಲ್ಲಿ ಇಂದಿಗೂ ಕುರಿಮಂದೆಯ ಜೊತೆ ಬಯಲಲ್ಲೇ ರಾತ್ರಿ ಕಳೆಯುವವರಿದ್ದಾರೆ. ಮುಸ್ಸಂಜೆಯಲ್ಲಿ ಯಾವ ಪೊದೆಯಿಂದ ಯಾವ ದನಿ ಬರುತ್ತದೆಂದು ಅವರಿಗೆ ಗೊತ್ತು. ಕಲಿವಿಕೋಡಿಯ ಚಿತ್ರ, ಕೂಗು ಎರಡೂ ಈಗ ಫೋನಿನಲ್ಲೇ ಸಿಗುತ್ತವೆ. ಹಕ್ಕಿಯನ್ನು ಕರೆಯಲು ಕಾಡಿನಲ್ಲಿ ಅದನ್ನು ನುಡಿಸುವುದು ಬೇಡ, ಅದಕ್ಕೆ ಕಿರುಕುಳ. ಮಂದೆಯ ಪಕ್ಕ ಕೂತು ಆ ಹಿರಿಯರಿಗೆ ಕೇಳಿಸಿ, ಇದನ್ನೆಲ್ಲಾದರೂ ಕೇಳಿದ್ದೀರಾ ಎಂದು ಕೇಳೋಣ. ಅವರು ಇಲ್ಲ ಎಂದರೆ, ಆ ಇಲ್ಲಕ್ಕೆ ಬೆಲೆಯಿದೆ.