ಟ್ಯಾಮಿ ಫೇ ಅವರ ಕಣ್ಣೀರು

1985ರಲ್ಲಿ ಅಮೆರಿಕದ ಟಿವಿ ಬೋಧಕಿ ಟ್ಯಾಮಿ ಫೇ ಬೇಕರ್ ತಮ್ಮ ಕ್ರೈಸ್ತ ವಾಹಿನಿ ಪಿಟಿಎಲ್‌ನಲ್ಲಿ ಏಡ್ಸ್ ಪೀಡಿತ ಸಲಿಂಗಿ ಪಾದ್ರಿ ಸ್ಟೀವ್ ಪೀಟರ್ಸ್ ಅವರನ್ನು ಉಪಗ್ರಹದ ಮೂಲಕ ಮಾತನಾಡಿಸಿದರು. ಆ ಸಂದರ್ಶನವನ್ನು ನಾನು ಮತ್ತೆ ಮತ್ತೆ ನೋಡುತ್ತೇನೆ. ಕೆಲವು ಪ್ರಶ್ನೆಗಳು ಒರಟು, ಮುಜುಗರ ತರಿಸುವಂಥವು. ಆದರೆ ಈ ರೋಗವನ್ನು ದೈವಶಿಕ್ಷೆಯೆಂದು ಇತರ ಬೋಧಕರು ಸಾರುತ್ತಿದ್ದಾಗ, ರೋಗಿಯನ್ನು ಅಪ್ಪಿಕೊಳ್ಳಲು ಕ್ರೈಸ್ತರೇ ಹೆದರುವುದನ್ನು ನೆನೆದು ಆಕೆ ಅತ್ತರು. ಯೇಸು ಕುಷ್ಠರೋಗಿಯನ್ನು ಮುಟ್ಟಿದವನಲ್ಲವೇ!

ಪತಿ ಜಿಮ್ ಬೇಕರ್ 1989ರಲ್ಲಿ ವಂಚನೆಯ ಅಪರಾಧಿಯೆಂದು ಸಾಬೀತಾದರು. ಬೇಕರ್ ದಂಪತಿಯ ಕ್ರೈಸ್ತ ವಿಹಾರಧಾಮ ಹೆರಿಟೇಜ್ ಯುಎಸ್‌ಎಯಲ್ಲಿ ವರ್ಷಕ್ಕೆ ಮೂರು ರಾತ್ರಿ ತಂಗುವ ಭರವಸೆ ನಂಬಿ ಸಾವಿರ ಡಾಲರ್ ಕೊಟ್ಟ ಸಾಮಾನ್ಯರ ನಷ್ಟವನ್ನು ಯಾವ ಕಣ್ಣೀರೂ ತುಂಬಿಕೊಡದು. ಹಾಗಾದರೆ ಆ ಕರುಣೆಯೂ ಕಲುಷಿತವೇ? ಸಂಸ್ಕಾರ ನೀಡುವ ಪಾದ್ರಿ ಶುದ್ಧನಿರಲೇಬೇಕು, ಇಲ್ಲದಿದ್ದರೆ ಆ ಸಂಸ್ಕಾರ ಸಲ್ಲದೆಂದು 4ನೇ ಶತಮಾನದ ಕ್ರೈಸ್ತ ಪಂಥವಾದ ಡೊನಾಟಿಸ್ಟರು ವಾದಿಸಿದರು. ಸಂತ ಅಗಸ್ಟೀನ್ ಒಪ್ಪಲಿಲ್ಲ. ನಾನು ಅಗಸ್ಟೀನನ ಪಕ್ಷ, ಲೆಕ್ಕ ಕೇಳುವ ಹಕ್ಕನ್ನು ಮಾತ್ರ ಬಿಟ್ಟುಕೊಡದೆ.