ಕೋಳಿ, ಶುಕ್ರವಾರ ಮತ್ತು ನೆತ್ತರು

ಚಿಕನ್ ಇನಾಸಾಲ್ ಫಿಲಿಪ್ಪೀನ್ಸಿನ ಪಶ್ಚಿಮ ವಿಸಾಯಾಸ್ ಪ್ರದೇಶದ ಅಡುಗೆ. ಹುಳಿಯಲ್ಲಿ ನೆನೆಸಿಟ್ಟ ಕೋಳಿಯನ್ನು ಇದ್ದಿಲ ಕೆಂಡದ ಮೇಲೆ ಸುಡುವ ಈ ಪಾಕಕ್ಕೆ ನೆಗ್ರೋಸ್ ದ್ವೀಪದ ಬಕೋಲೊಡ್ ನಗರ ಹೆಸರುವಾಸಿ. ಪಕ್ಕದ ಪನಾಯ್ ದ್ವೀಪದ ಇಲೊಯಿಲೊಗೂ ಅದರ ಕೀರ್ತಿಯಲ್ಲಿ ಪಾಲಿದೆ. 2003ರಲ್ಲಿ ಅಲ್ಲಿ ಶುರುವಾದ ಮಾಂಗ್ ಇನಾಸಾಲ್ ಹೋಟೆಲುಗಳು ಈ ತಿನಿಸನ್ನು ದೇಶದ ಮೂಲೆಮೂಲೆಗೆ ಒಯ್ದವು. ಆದರೆ ಅದೇ ದೇಶದಲ್ಲಿ ಇದೇ ಕೋಳಿಯನ್ನು ಕೆಲವರು ಕೆಲವು ಶುಕ್ರವಾರಗಳಂದು ಮುಟ್ಟುವುದಿಲ್ಲ; ಕೆಲವರು ಅದರ ನೆತ್ತರನ್ನು ಎಂದೂ ತಿನ್ನುವುದಿಲ್ಲ; ಇನ್ನು ಕೆಲವರು ಅದನ್ನು ಕೊಯ್ದದ್ದು ಹೇಗೆಂದು ತಿಳಿಯದೆ ಬಾಯಿಗಿಡುವುದಿಲ್ಲ. 2020ರ ಜನಗಣತಿಯ ಪ್ರಕಾರ ಅಲ್ಲಿನ ಜನರಲ್ಲಿ ಶೇ. 78.8 ಮಂದಿ ಕ್ಯಾಥೊಲಿಕರು, ಶೇ. 6.4 ಮಂದಿ ಮುಸ್ಲಿಮರು, ಶೇ. 2.6 ಮಂದಿ ಇಗ್ಲೇಸಿಯಾ ನಿ ಕ್ರಿಸ್ಟೊ ಎಂಬ ದೇಶೀ ಸಭೆಯವರು. ಕೋಳಿ ತಿನ್ನಬಾರದೆಂದು ಇವರಲ್ಲಿ ಯಾರ ಧರ್ಮವೂ ಹೇಳುವುದಿಲ್ಲ. ದೋಷ ಎಲ್ಲಿ ಹುಟ್ಟುತ್ತದೆ ಎಂಬುದರಲ್ಲಿ ಮಾತ್ರ ಒಬ್ಬರ ಉತ್ತರ ಇನ್ನೊಬ್ಬರದಲ್ಲ: ದಿನದಲ್ಲೋ, ಪದಾರ್ಥದಲ್ಲೋ, ಕೊಯ್ಯುವ ಕೈಯಲ್ಲೋ, ಉಣ್ಣುವವನ ಮನಸ್ಸಿನಲ್ಲೋ?

ಮನೆಯಲ್ಲಿ ಇನಾಸಾಲ್ ಮಾಡುವ ಕ್ರಮ ಸರಳ. ಮೂಳೆ, ಚರ್ಮ ಎರಡೂ ಇರುವ ದೊಡ್ಡ ತುಂಡುಗಳನ್ನು ಆರಿಸಿ, ತೊಡೆಯ ಭಾಗವನ್ನು ಎಲುಬು ಕಾಣುವಷ್ಟು ಆಳಕ್ಕೆ ಗೀರಬೇಕು. ಒಂದೂವರೆ ಕಿಲೋ ಕೋಳಿಗೆ ಅರ್ಧ ಲೋಟ ತೆಂಗಿನ ವಿನೆಗರ್, ಕಾಲು ಲೋಟ ಕಲಮನ್ಸಿ ರಸ, ಬುಡ ಜಜ್ಜಿದ ನಾಲ್ಕೈದು ಎಸಳು ಮಜ್ಜಿಗೆ ಹುಲ್ಲು, ಒಂದು ಗಡ್ಡೆ ಬೆಳ್ಳುಳ್ಳಿ, ಹೆಬ್ಬೆರಳುದ್ದ ಶುಂಠಿ, ಉಪ್ಪು, ಮೆಣಸಿನಪುಡಿ, ಸ್ವಲ್ಪ ಬೆಲ್ಲ ಅಥವಾ ಕಂದು ಸಕ್ಕರೆ ಸಾಕು. ಕಲಮನ್ಸಿ ಗೋಲಿಗಿಂತ ತುಸು ದೊಡ್ಡದಾದ ಹುಳಿಹಣ್ಣು. ಅದು ಸಿಗದ ಕಡೆ ನಿಂಬೆರಸಕ್ಕೆ ಕಿತ್ತಳೆರಸ ಬೆರೆಸಿಕೊಂಡರೆ ರುಚಿ ಹತ್ತಿರ ಬರುತ್ತದೆ. ನೆನೆಸಲು ಎರಡರಿಂದ ನಾಲ್ಕು ಗಂಟೆ ಹಿಡಿಯುತ್ತದೆ. ರಾತ್ರಿಯಿಡೀ ಬಿಟ್ಟರೆ ಹುಳಿಯಿಂದ ಮಾಂಸದ ಮೇಲ್ಪದರ ಮೆದುವಾಗಿ ಹಿಟ್ಟಿನಂತಾಗುತ್ತದೆ. ಹಚ್ಚುವ ಎಣ್ಣೆಯನ್ನು ಬೇರೆಯಾಗಿ ಮಾಡಿಕೊಳ್ಳಬೇಕು: ಅಚುವೇತೆ ಎಂಬ ಕೆಂಪು ಬೀಜಗಳನ್ನು ಎಣ್ಣೆಯಲ್ಲೋ ಕೋಳಿಯ ಕೊಬ್ಬಿನಲ್ಲೋ ಸಣ್ಣ ಉರಿಯಲ್ಲಿಟ್ಟು, ಬಣ್ಣ ಬಿಟ್ಟ ಕೂಡಲೇ ಸೋಸಬೇಕು, ಬೀಜ ಕಪ್ಪಾದರೆ ಎಣ್ಣೆ ಕಹಿಯಾಗುತ್ತದೆ. ಇದ್ದಿಲ ಜ್ವಾಲೆ ಇಳಿದು ಬೂದಿ ಮುಸುಕಿದ ಮೇಲೆ ಕೋಳಿಯನ್ನಿಟ್ಟು, ತಿರುವುತ್ತಾ, ಎಣ್ಣೆ ಸವರುತ್ತಾ, ಒಳಗಿನ ಬಿಸಿ 74 ಡಿಗ್ರಿ ಸೆಲ್ಸಿಯಸ್ ಮುಟ್ಟುವವರೆಗೆ ಸುಡಬೇಕು. ಜೊತೆಗೆ ಅನ್ನ, ಮೆಣಸಿನಕಾಯಿ ಬೆಳ್ಳುಳ್ಳಿ ಹಾಕಿಟ್ಟ ವಿನೆಗರ್, ಅನ್ನದ ಮೇಲೆ ಸುರಿದುಕೊಳ್ಳಲು ಅದೇ ಕೆಂಪು ಕೋಳಿಕೊಬ್ಬು.

ಕ್ಯಾಥೊಲಿಕ್ ಉತ್ತರ ದಿನವನ್ನು ನೋಡುತ್ತದೆ. ಚರ್ಚಿನ ಕಾನೂನುಸಂಹಿತೆಯ 1251ನೆಯ ವಿಧಿಯಂತೆ ಶುಕ್ರವಾರ ಮಾಂಸ ವರ್ಜ್ಯ. ಬೂದಿ ಬುಧವಾರ ಮತ್ತು ಶುಭ ಶುಕ್ರವಾರಗಳಂದು ಉಪವಾಸವೂ ಉಂಟು. ಉಳಿದ ಶುಕ್ರವಾರಗಳಲ್ಲಿ ಮಾಂಸತ್ಯಾಗದ ಬದಲು ಪ್ರಾರ್ಥನೆ, ದಾನಗಳಂಥ ಬೇರೆ ವ್ರತಗಳನ್ನು ಸೂಚಿಸುವ ಅಧಿಕಾರವನ್ನು 1253ನೆಯ ವಿಧಿ ಆಯಾ ದೇಶದ ಬಿಷಪರ ಮಂಡಳಿಗೆ ಕೊಟ್ಟಿದೆ. ಗುರುವಾರ ನಿರ್ದೋಷಿಯಾಗಿದ್ದ ಕೋಳಿ ಶುಕ್ರವಾರ ಅಶುದ್ಧವಾಗುತ್ತದೆ ಎಂದಲ್ಲ. ಒಳ್ಳೆಯದೆಂದು ಒಪ್ಪಿಕೊಂಡದ್ದನ್ನೇ ಬಿಟ್ಟುಕೊಟ್ಟರೆ ಮಾತ್ರ ಅದು ತ್ಯಾಗ, ಕೆಟ್ಟದ್ದನ್ನು ಬಿಡುವುದರಲ್ಲಿ ತ್ಯಾಗವೇನಿದೆ ಎಂಬುದು ಇಲ್ಲಿನ ತರ್ಕ.

ಮಾಂಸ ಎಂದರೆ ಯಾವುದು ಎಂಬ ತಕರಾರು ಮಾತ್ರ ಹಳೆಯದು, ಅದರಲ್ಲಿ ಕೋಳಿಯ ಪಾತ್ರ ದೊಡ್ಡದು. ಆರನೆಯ ಶತಮಾನದ ಸಂತ ಬೆನೆಡಿಕ್ಟನ ನಿಯಮಾವಳಿ ಸನ್ಯಾಸಿಗಳಿಗೆ ನಿಷೇಧಿಸಿದ್ದು ನಾಲ್ಕು ಕಾಲಿನ ಪ್ರಾಣಿಗಳ ಮಾಂಸವನ್ನು. ಎರಡು ಕಾಲಿನ ಕೋಳಿಯ ವಿಷಯದಲ್ಲಿ ಅದು ಸುಮ್ಮನಿದೆ, ಆ ಮೌನದ ಮೇಲೆ ಮಠಗಳಲ್ಲಿ ವಾದ ಬೆಳೆಯಿತು. ಅದಕ್ಕೂ ಒಂದು ಶತಮಾನ ಹಿಂದೆ, ಉಪವಾಸದ ಕಾಲದಲ್ಲಿ ಮೀನಿನ ಜೊತೆ ಹಕ್ಕಿಯನ್ನೂ ತಿನ್ನುವವರಿದ್ದಾರೆಂದು ಕಾನ್‌ಸ್ಟಾಂಟಿನೋಪಲ್‌ನ ಇತಿಹಾಸಕಾರ ಸಾಕ್ರಟೀಸ್ ಸ್ಕೊಲಾಸ್ಟಿಕಸ್ ದಾಖಲಿಸಿದ್ದಾನೆ. ಬೈಬಲಿನ ಸೃಷ್ಟಿಕಥೆಯಲ್ಲಿ ಹಕ್ಕಿಗಳೂ ನೀರಿನಿಂದಲೇ ಹುಟ್ಟಿದವು, ಹಾಗಾಗಿ ಅವು ಮೀನಿನ ಸಂಬಂಧಿಕರು ಎಂಬುದು ಅವರ ಸಮರ್ಥನೆ. ನಗು ತರಿಸಿದರೂ ಇದು ಶುದ್ಧ ಶಾಸ್ತ್ರವಾದವೇ. ಹದಿಮೂರನೆಯ ಶತಮಾನದ ಥಾಮಸ್ ಅಕ್ವೈನಾಸ್ ಹುಟ್ಟಿನ ಗೋಜಿಗೆ ಹೋಗದೆ ಪರಿಣಾಮವನ್ನು ನೋಡಿದ: ನಾಲಿಗೆಗೆ ಹೆಚ್ಚು ಸುಖ ಕೊಟ್ಟು ದೇಹದ ಬಯಕೆಯನ್ನು ಕೆರಳಿಸುವ ಆಹಾರವನ್ನು ಉಪವಾಸ ದೂರವಿಡುತ್ತದೆ. ಮೀನು ಕೆಲವೊಮ್ಮೆ ಮಾಂಸಕ್ಕಿಂತ ರುಚಿಯಲ್ಲವೇ ಎಂಬ ಆಕ್ಷೇಪವನ್ನೂ ಅವನೇ ಎತ್ತಿ, ಕಾನೂನು ಸಾಮಾನ್ಯವಾಗಿ ನಡೆಯುವುದನ್ನು ಗಮನದಲ್ಲಿಟ್ಟುಕೊಳ್ಳುತ್ತದೆ ಎಂದು ಉತ್ತರಿಸಿದ.

ಇನಾಸಾಲಿನ ಕೆಂಪು ಕೊಬ್ಬು ಈ ಉತ್ತರವನ್ನು ಪರೀಕ್ಷೆಗೊಡ್ಡುತ್ತದೆ. 1966ರಲ್ಲಿ ಆರನೆಯ ಪೋಪ್ ಪೌಲ್ ಹೊರಡಿಸಿದ ಆಜ್ಞೆ ಮಾಂಸವನ್ನು ನಿಷೇಧಿಸಿ, ಮೊಟ್ಟೆ, ಹಾಲಿನ ಪದಾರ್ಥ ಮತ್ತು ಪ್ರಾಣಿಕೊಬ್ಬಿನಿಂದಾದ ವ್ಯಂಜನಗಳಿಗೆ ಅನುಮತಿ ಕೊಟ್ಟಿದೆ. ಆದ್ದರಿಂದ ಶುಕ್ರವಾರದ ಅನ್ನಕ್ಕೆ ಕೋಳಿಕೊಬ್ಬು ಸುರಿದುಕೊಂಡವನನ್ನು ಕಾನೂನಿನ ಅಕ್ಷರ ತಡೆಯುವುದಿಲ್ಲ. ಅದರ ಘಮದಲ್ಲಿ ಇಡೀ ಕೋಳಿ ಕೂತಿರುವುದನ್ನು ಬಲ್ಲ ಯಾರಿಗೂ ಅಕ್ವೈನಾಸನ ಕಾರಣ ಇಲ್ಲಿ ಈಡೇರಿತೆಂದು ಅನ್ನಿಸದು. ನಿಯಮಕ್ಕೆ ಎಲ್ಲೋ ಒಂದು ಕಡೆ ಗೆರೆ ಎಳೆಯಲೇಬೇಕು, ಎಳೆದ ಗೆರೆ ಕಾರಣದ ಅಂಚಿನಲ್ಲೇ ಬೀಳುತ್ತದೆಂಬ ಖಾತರಿಯಿಲ್ಲ. ಇದು ಕ್ಯಾಥೊಲಿಕರೊಬ್ಬರದೇ ಕಷ್ಟವೂ ಅಲ್ಲ.

1914ರಲ್ಲಿ ಫೆಲಿಕ್ಸ್ ಮನಾಲೊ ನೋಂದಾಯಿಸಿದ ಇಗ್ಲೇಸಿಯಾ ನಿ ಕ್ರಿಸ್ಟೊ ಪದಾರ್ಥವನ್ನೇ ನೋಡುತ್ತದೆ. ಅವರಿಗೆ ನೆತ್ತರು ನಿಷಿದ್ಧ. ಫಿಲಿಪ್ಪೀನ್ಸಿನ ಬೀದಿಬದಿಯ ಕೆಂಡದ ಒಲೆಗಳಲ್ಲಿ ಬೆಟಾಮ್ಯಾಕ್ಸ್ ಎಂಬ ಕಡ್ಡಿತಿನಿಸೂ ಸಿಗುತ್ತದೆ: ಹೆಪ್ಪುಗಟ್ಟಿದ ಕೋಳಿ ಅಥವಾ ಹಂದಿಯ ನೆತ್ತರಿನ ಕಪ್ಪು ತುಂಡುಗಳು, ಹಳೆಯ ವಿಡಿಯೊ ಕ್ಯಾಸೆಟ್ಟಿನ ಆಕಾರದವು. ಇನಾಸಾಲ್ ತಿನ್ನುವ ಇಗ್ಲೇಸಿಯಾ ಸದಸ್ಯ ಅದನ್ನು ತಿನ್ನುವುದಿಲ್ಲ. ಆಧಾರ, ಬೈಬಲಿನ ಪ್ರೇಷಿತರ ಕಾರ್ಯಗಳು ಗ್ರಂಥದ ಹದಿನೈದನೆಯ ಅಧ್ಯಾಯ. ಯೆಹೂದ್ಯರಲ್ಲದ ಹೊಸ ಕ್ರೈಸ್ತರು ವಿಗ್ರಹಕ್ಕೆ ಅರ್ಪಿಸಿದ್ದನ್ನು, ನೆತ್ತರನ್ನು, ಕತ್ತುಹಿಸುಕಿ ಕೊಂದದ್ದನ್ನು ಬಿಡಬೇಕೆಂದು ಜೆರುಸಲೇಮಿನ ಸಭೆ ಅಲ್ಲಿ ತೀರ್ಮಾನಿಸುತ್ತದೆ. ಹಿಂದಿರುವುದು ಜೀವ ನೆತ್ತರಿನಲ್ಲಿದೆ, ಅದು ದೇವರದು ಎಂಬ ಯಾಜಕಕಾಂಡದ ಮಾತು. ಬೇಟೆಯಾಡಿದ ಹಕ್ಕಿಯ ನೆತ್ತರನ್ನು ಸುರಿದು ಮಣ್ಣು ಮುಚ್ಚಬೇಕೆಂದೂ ಅಲ್ಲಿದೆ. ಪಶ್ಚಿಮದ ಚರ್ಚು ಈ ನಿಷೇಧವನ್ನು ಕಾಲಕ್ರಮದಲ್ಲಿ ಕೈಬಿಟ್ಟಿತು. ನೆತ್ತರು ಹರಿಸದೆ ಕೊಂದ ಚಿಕ್ಕ ಹಕ್ಕಿಗಳನ್ನು ತಿನ್ನಲು ಅಂಜುವವರನ್ನು ಕಂಡು ಜನ ನಗುತ್ತಾರೆಂದು ಸಂತ ಅಗಸ್ಟೀನನೇ ಬರೆದಿದ್ದಾನೆ. ಯೆಹೂದ್ಯರೂ ಅನ್ಯರೂ ಕೂಡಿ ಬಾಳಲೆಂದು ಆ ಕಾಲಕ್ಕೆ ಮಾಡಿದ ಏರ್ಪಾಡು ಅದು ಎಂದು 1442ರಲ್ಲಿ ಫ್ಲಾರೆನ್ಸಿನ ಧರ್ಮಸಭೆ ಘೋಷಿಸಿತು. ಒಂದೇ ವಾಕ್ಯ ಒಬ್ಬರಿಗೆ ಶಾಶ್ವತ ಆಜ್ಞೆಯಾದರೆ ಇನ್ನೊಬ್ಬರಿಗೆ ಮುಗಿದುಹೋದ ರಾಜಿ.

ಅಡುಗೆಮನೆಯಲ್ಲಿ ಈ ಪ್ರಶ್ನೆ ಎಲುಬಿನ ಬಳಿ ಎದುರಾಗುತ್ತದೆ. ಪೂರ್ತಿ ಬೆಂದ ತೊಡೆಯಲ್ಲೂ ಎಲುಬಿನ ಸುತ್ತ ಕೆಂಪು ಉಳಿಯುವುದುಂಟು. ಎಳೆಯ ಕೋಳಿಯ ಎಲುಬು ಇನ್ನೂ ಗಟ್ಟಿಯಾಗದೆ ಮಜ್ಜೆಯ ಬಣ್ಣ ಹೊರಕ್ಕೆ ಒಸರುವುದೇ ಅದಕ್ಕೆ ಕಾರಣ. ಅದನ್ನು ನೆತ್ತರೆನ್ನಬೇಕೆ? ಇಸ್ಲಾಮಿನ ನ್ಯಾಯಶಾಸ್ತ್ರ ಇದಕ್ಕೆ ಮೊದಲೇ ದಾರಿ ಮಾಡಿಟ್ಟಿದೆ. ಕುರಾನಿನ ಆರನೆಯ ಅಧ್ಯಾಯದ 145ನೆಯ ವಚನ ನಿಷೇಧಿಸುವುದು ಹರಿದುಬಂದ ನೆತ್ತರನ್ನು. ಸರಿಯಾಗಿ ಕೊಯ್ದ ಮೇಲೂ ಮಾಂಸದಲ್ಲಿ ಉಳಿದದ್ದನ್ನು ನ್ಯಾಯವೇತ್ತರು ಕ್ಷಮ್ಯವೆಂದರು. ಒಂದೇ ಒಂದು ವಿಶೇಷಣ ಎಷ್ಟೋ ಅಡುಗೆಯವರ ಆತಂಕ ಕಳೆದಿದೆ.

ಮುಸ್ಲಿಮರ ಹಲಾಲ್ ನಿಯಮದಲ್ಲಿ ಭಾರ ಬೀಳುವುದು ಕೈಯ ಮೇಲೆ: ಕೊಯ್ಯುವವನು ದೇವರ ಹೆಸರು ಹೇಳಿದನೇ, ಕತ್ತಿ ಗಂಟಲು ಸೀಳಿ ನೆತ್ತರು ಹರಿಯಿತೇ. ಇನಾಸಾಲಿನಲ್ಲಿ ವಿನೆಗರಿನ ಪ್ರಶ್ನೆಯೂ ಸೇರಿಕೊಳ್ಳುತ್ತದೆ. ತೆಂಗಿನ ಹೊಂಬಾಳೆಯಿಂದ ಇಳಿಸಿದ ರಸ ಮೊದಲು ಶೇಂದಿಯಾಗಿ, ಆಮೇಲೆ ವಿನೆಗರ್ ಆಗುತ್ತದೆ. ನಡುವೆ ಅದು ಅಮಲೇರಿಸುವ ಪಾನೀಯ. ಫಿಲಿಪ್ಪೀನ್ಸಿನ ಮುಸ್ಲಿಮರು ಬಹುಪಾಲು ಅನುಸರಿಸುವ ಶಾಫಿ ಪಂಥದಂತೆ ಮದ್ಯ ತಾನಾಗಿ ಹುಳಿತು ವಿನೆಗರಾದರೆ ಶುದ್ಧ, ಏನನ್ನಾದರೂ ಬೆರೆಸಿ ಮಾಡಿದರೆ ಅಲ್ಲ. ಹನಫಿ ಪಂಥದವರಿಗೆ ಎರಡೂ ಸಮ್ಮತ. ಹೀಗೆ ಸ್ವಭಾವವೇ ಬದಲಾದಾಗ ದೋಷವೂ ಕಳಚಿಹೋಗುತ್ತದೆ. ಮಡಕೆಯಲ್ಲಿ ಸುಮ್ಮನೆ ಬಿಟ್ಟು ಹುಳಿಸಿದ ತೆಂಗಿನ ವಿನೆಗರಿಗೆ ಹಾಗಾಗಿ ಎರಡೂ ಪಂಥಗಳ ಒಪ್ಪಿಗೆ ಇದೆ.

ಉತ್ತರ ಲೂಜಾನಿನ ಕೊರ್ಡಿಲ್ಯೆರಾ ಬೆಟ್ಟಗಳ ಜನರ ಪಿನಿಕ್‌ಪಿಕಾನ್ ಎಂಬ ಅಡುಗೆ ಹಲಾಲ್ ಕ್ರಮಕ್ಕೆ ನೇರ ವಿರುದ್ಧ. ಅಲ್ಲಿ ಕೋಳಿಯನ್ನು ಕೊಲ್ಲುವ ಮೊದಲು ಕೋಲಿನಿಂದ ರೆಕ್ಕೆ, ಕುತ್ತಿಗೆಗಳ ಮೇಲೆ ಬಡಿದು ನೆತ್ತರನ್ನು ಚರ್ಮದಡಿಯಲ್ಲೇ ಹೆಪ್ಪುಗಟ್ಟಿಸುತ್ತಾರೆ, ಆಮೇಲೆ ಬೆಂಕಿಯಲ್ಲಿ ಪುಕ್ಕ ಸುಟ್ಟು ಬೇಯಿಸುತ್ತಾರೆ. ಮೂಲದಲ್ಲಿ ಅದು ಪೂಜೆಯ ಭಾಗ. ಹಲಾಲಿನಲ್ಲಿ ನೆತ್ತರು ಹೊರಹೋಗಬೇಕು, ಇಲ್ಲಿ ಒಳಗುಳಿಯಬೇಕು. 1998ರ ಪ್ರಾಣಿಹಿತ ಕಾಯಿದೆ ಧಾರ್ಮಿಕ ವಿಧಿಗಳ ಮತ್ತು ಬುಡಕಟ್ಟು ಸಂಪ್ರದಾಯದ ವಧೆಗೆ ವಿನಾಯಿತಿ ಕೊಟ್ಟಿದೆ. ಆದರೆ ಬಾಗಿಯೊ ನಗರದ ಹೋಟೆಲುಗಳಲ್ಲಿ ಅದೇ ತಿನಿಸು ದುಡ್ಡಿಗೆ ಸಿಗುವಾಗ, ಪೂಜೆಯಿಲ್ಲದ ಆ ಪೆಟ್ಟುಗಳಿಗೆ ಸಂಪ್ರದಾಯದ ಹೆಸರು ಹೇಳಿಕೊಳ್ಳುವುದು ಕಷ್ಟ.

ವಿಸಾಯಾಸ್ ಪ್ರದೇಶದಲ್ಲೂ ಕೋಳಿಗೆ ಪೂಜೆಯ ನಂಟಿದೆ. ಹೊಸ ಮನೆಯ ಕಂಬ ನೆಡುವಾಗ ಅದರ ಬುಡಕ್ಕೆ ಕೋಳಿಯ ನೆತ್ತರು ಸುರಿಯುವ ಪದುಗೊ ಎಂಬ ಆಚರಣೆಯನ್ನು ಕ್ಯಾಥೊಲಿಕರೇ ಎಷ್ಟೋ ಕಡೆ ನಡೆಸುತ್ತಾರೆ. ನೆತ್ತರು ನೆಲದ ಶಕ್ತಿಗಳಿಗೆ, ಮಾಂಸ ಕೆಲಸಗಾರರ ಊಟಕ್ಕೆ. ತುಳುನಾಡಿನ ದೈವಗಳಿಗೆ ಕೋಳಿ ಕೊಡುವುದನ್ನು ಕಂಡವರಿಗೆ ಇದು ಅಪರಿಚಿತವೆನಿಸದು. ಆ ಕೋಳಿಯನ್ನು ಕೆಂಡದ ಮೇಲಿಟ್ಟು ಬಡಿಸಿದರೆ ಕ್ರೈಸ್ತ ಅತಿಥಿ ಉಣ್ಣಬಹುದೇ? ಕೊರಿಂಥದ ಸಭೆಗೆ ಬರೆದ ಮೊದಲ ಪತ್ರದಲ್ಲಿ ಪ್ರೇಷಿತ ಪೌಲನಿಗೆ ಎದುರಾದದ್ದು ಇದೇ ಪ್ರಶ್ನೆ. ವಿಗ್ರಹಕ್ಕೆ ಅರ್ಪಿಸಿದರೂ ಮಾಂಸ ಮಾಂಸವೇ, ಬಡಿಸಿದ್ದನ್ನು ವಿಚಾರಿಸದೆ ಉಣ್ಣಬಹುದು. ಆದರೆ ಇದು ನೈವೇದ್ಯವೆಂದು ಯಾರಾದರೂ ಹೇಳಿದರೆ, ಹೇಳಿದವನ ಮನಸ್ಸಾಕ್ಷಿಗಾಗಿ ಬಿಡಬೇಕು ಎಂದು ಅವನ ಸಲಹೆ. ದೋಷವೀಗ ದಿನ, ನೆತ್ತರು, ಕೈ ಎಲ್ಲವನ್ನೂ ದಾಟಿ ಪಕ್ಕದಲ್ಲಿ ಕುಳಿತವನ ಮನಸ್ಸಿಗೆ ಬಂತು. ಈ ಎಲ್ಲ ಉತ್ತರಗಳಲ್ಲಿ ಅಡುಗೆ ಮಾಡುವವರಿಗೆ ಹೆಚ್ಚು ಕೆಲಸ ಕೊಡುವುದು ಇದೇ, ಏಕೆಂದರೆ ಉಣ್ಣುವವರು ಯಾರೆಂಬುದು ಗೊತ್ತಾಗದೆ ಇದನ್ನು ಪಾಲಿಸಲಾಗದು.

ಕೊನೆಯ ನೆಲೆ ಉದ್ದೇಶದ್ದು. ಇದನ್ನು ಕೋಳಿಯ ಮೂಲಕವೇ ಅತ್ಯಂತ ಕಠಿಣವಾಗಿ ಹೇಳಿದ ಕೃತಿ ಕನ್ನಡದಲ್ಲಿದೆ. 1209ರ ಸುಮಾರಿಗೆ ಜನ್ನ ಬರೆದ ‘ಯಶೋಧರ ಚರಿತೆ’ಯಲ್ಲಿ, ಜೀವದ ಕೋಳಿಯನ್ನು ಬಲಿಕೊಡಲು ಒಪ್ಪದ ದೊರೆ ತಾಯಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಹುಂಜವನ್ನು ಕಡಿಯುತ್ತಾನೆ. ಸತ್ತದ್ದು ಹಿಟ್ಟಾದರೂ ಸಂಕಲ್ಪ ಕೊಲೆಯದು. ಅದಕ್ಕಾಗಿ ತಾಯಿ ಮಗ ಇಬ್ಬರೂ ಪ್ರಾಣಿಗಳಾಗಿ ಜನ್ಮಜನ್ಮಾಂತರ ಅಲೆಯುತ್ತಾರೆ. ಜೈನರ ಈ ಲೆಕ್ಕದಲ್ಲಿ ಪದಾರ್ಥಕ್ಕೆ ವಿನಾಯಿತಿಯೇ ಇಲ್ಲ.

ಅಣಬೆ, ತೋಫು ಅಥವಾ ಎಳೆ ಹಲಸಿನಕಾಯಿಯನ್ನು ಅದೇ ಹುಳಿಯಲ್ಲಿ ನೆನೆಸಿ, ಅದೇ ಕೆಂಪೆಣ್ಣೆ ಸವರಿ ಸುಟ್ಟ ಇನಾಸಾಲನ್ನು ಈ ನೆಲೆಗಳ ಮುಂದಿಟ್ಟರೆ ತೀರ್ಪುಗಳು ಬೇರೆಬೇರೆ ಬರುತ್ತವೆ. ಚರ್ಚಿನ ಕಾನೂನಿಗೆ ಶುಕ್ರವಾರವೂ ಆಕ್ಷೇಪವಿಲ್ಲ. ನೆತ್ತರಿನ ಪ್ರಶ್ನೆ ಹುಟ್ಟುವುದೇ ಇಲ್ಲ. ಹಲಾಲ್ ನೋಡುವವರು ವಿನೆಗರನ್ನೂ, ಅದೇ ಜಾಲರಿಯ ಮೇಲೆ ಮೊದಲು ಹಂದಿಮಾಂಸ ಸುಟ್ಟಿದ್ದರೇ ಎಂಬುದನ್ನೂ ವಿಚಾರಿಸುತ್ತಾರೆ. ನಾಲಿಗೆಯ ಸುಖವನ್ನು ಅಳೆಯುವ ಅಕ್ವೈನಾಸನಿಗೆ ಅದು ಎಷ್ಟು ಚೆನ್ನಾಗಿ ಕೋಳಿಯನ್ನು ಹೋಲುತ್ತದೋ ಅಷ್ಟು ಅನುಮಾನ. ಜನ್ನನ ಹಿಟ್ಟಿನ ಹುಂಜ ಮಾತ್ರ ಇದಕ್ಕೆ ಪೂರಾ ಅನ್ವಯಿಸದು: ದೊರೆ ಕತ್ತಿಯೆತ್ತಿದ್ದು ಬಲಿಯ ಸಂಕಲ್ಪದಿಂದ, ಹಲಸು ಕೊಚ್ಚುವವರ ಸಂಕಲ್ಪ, ಬಹುಮಟ್ಟಿಗೆ, ಕೊಲ್ಲದೆ ಉಣ್ಣುವುದು.