ಹರಕೆಯ ಮರ್ಮ ಮತ್ತು ನಮ್ಮ ಸೀಮೆಯ ಪುಣ್ಯಕ್ಷೇತ್ರಗಳು



ಬೆಟ್ಟಕ್ಕೆ ಬರುವವರಲ್ಲಿ ಬರೀ ನೋಡಿ ಹೋಗೋಣ ಅಂತ ಬರುವವರು ಕಡಿಮೆ. ಹೆಚ್ಚಿನವರು ಏನಾದರೊಂದು ಹರಕೆ ಹೊತ್ತು ಬರುತ್ತಾರೆ. ಮುಡಿ ಕೊಡುವವರು, ಉರುಳು ಸೇವೆ ಮಾಡುವವರು, ಹುಲಿವಾಹನ ಬರೆಸುವವರು, ತಾಳಬೆಟ್ಟದಿಂದ ನಡೆದು ಬರುವವರು, ಹೀಗೆ ಅವರವರ ಶಕ್ತಿ ಅವರವರ ಭಕ್ತಿ. ಇವರಲ್ಲಿ ಅನೇಕರ ಮನಸ್ಸಿನಲ್ಲಿ ಒಂದು ಪ್ರಶ್ನೆ ಕೊರೆಯುತ್ತಿರುತ್ತದೆ. ಹರಕೆ ಹೊತ್ತ ಹಿರಿಯರು ತೀರಿಸದೇ ಕಣ್ಣು ಮುಚ್ಚಿದರೆ ಆ ಹರಕೆ ಏನಾಯ್ತು? ಅದು ಮಕ್ಕಳು ಮೊಮ್ಮಕ್ಕಳ ತಲೆ ಮೇಲೆ ಬರುತ್ತದೆಯೇ? ದೇವರು ಮುನಿಯುತ್ತಾನೆಯೇ?

ಟಿ. ನರಸೀಪುರದ ಕಡೆ ಒಂದು ಒಕ್ಕಲುತನದ ಮನೆ. ಸೊಸೆಗೆ ಹೆರಿಗೆ ಕಷ್ಟವಾದಾಗ ಅತ್ತೆ, "ಮಾದಪ್ಪ, ಎರಡು ಜೀವ ಉಳಿಸಿಕೊಡು, ತಾಳಬೆಟ್ಟದಿಂದ ನಿನ್ನ ಪಾದದವರೆಗೂ ನಡೆದು ಬತ್ತೀನಿ" ಅಂತ ಅರಿಶಿನದ ಬಟ್ಟೆಯಲ್ಲಿ ಹನ್ನೊಂದು ರೂಪಾಯಿ ಮುಡುಪು ಕಟ್ಟಿಟ್ಟರು. ಗಂಡುಮಗು ಹುಟ್ಟಿತು, ತಾಯಿಯೂ ಉಳಿದಳು. ಈ ವರ್ಷ ಹೋಗೋಣ, ಮುಂದಿನ ವರ್ಷ ಹೋಗೋಣ ಅನ್ನುತ್ತಿರುವಾಗಲೇ ಅತ್ತೆಗೆ ಮಂಡಿ ನೋವು ಬಂದು ಕೂತರು. ಮಗುವಿಗೆ ಆರು ತುಂಬುವಷ್ಟರಲ್ಲಿ ಅವರು ಶಿವನ ಪಾದ ಸೇರಿದರು. ಮುಡುಪು ದೇವರ ಗೂಡಿನಲ್ಲೇ ಉಳಿಯಿತು. ವರ್ಷ ತಿರುಗುವುದರೊಳಗೆ ಆ ಹುಡುಗನಿಗೆ ಜ್ವರ ಶುರುವಾಯಿತು, ಬಿಡಲೇ ಇಲ್ಲ. ಶಾಸ್ತ್ರ ಹೇಳುವವನೊಬ್ಬ ಕವಡೆ ಹಾಕಿ, "ಅಜ್ಜಿ ಹರಕೆ ಬಾಕಿ ಅದೆ, ದೇವರು ಮಗೂನ ಹಿಡಕೊಂಡವ್ನೆ, ಬಿಡುಗಡೆ ಪೂಜೆಗೆ ಹದಿನೈದು ಸಾವಿರ ಆಗ್ತದೆ" ಅಂದ. ಸೊಸೆ ತನ್ನ ಓಲೆ ಅಡ ಇಡಲು ಹೊರಟಳು.

ಇಲ್ಲಿ ಸ್ವಲ್ಪ ನಿಲ್ಲಬೇಕು. ದೇವರು ಮಗುವನ್ನು ಹಿಡಿದುಕೊಂಡಿದ್ದಾನೆ ಅನ್ನುವ ಮಾತು ಎಂಥ ಮಾತು! ಸಾಲ ಕೊಟ್ಟ ಸಾಹುಕಾರನೇ ಎತ್ತು ಹಿಡಿದುಕೊಂಡು ಹೋದರೆ ಊರು ಸೇರಿ ಉಗಿಯುತ್ತದೆ. ಹಾಗಿರುವಾಗ ಬಡ್ಡಿಗೆ ಮಗುವನ್ನು ಹಿಡಿಯುವವನನ್ನು ದೇವರು ಅನ್ನಬಹುದೇ?

ದೇವರಗುಡ್ಡರು ಕಂಸಾಳೆ ಹಿಡಿದು ಹಾಡುವ ಸಂಕಮ್ಮನ ಸಾಲನ್ನು ಬಲ್ಲವರಿಗೆ ಇದು ತಿಳಿದೇ ಇದೆ. ಸಂಕಮ್ಮನಿಗೆ ಮಕ್ಕಳಿಲ್ಲ. ಗಂಡ ನೀಲೇಗೌಡ ಕಾಡಿಗೆ ಹೋಗುವ ಮುಂಚೆ ಭಾಷೆ ಕೊಡು, ಭಾಷೆ ಕೊಡು ಅಂತ ಅವಳನ್ನು ಹಿಂಸಿಸುತ್ತಾನೆ. ಬಲವಂತದಿಂದ ಮಾತು ಕೀಳುವವನು ಗಂಡ. ಮಾದಪ್ಪನೋ, ಆ ಕಷ್ಟದಲ್ಲಿ ಬಂದು ಅವಳ ಕಣ್ಣೀರು ಒರೆಸಿ ಕಾರಯ್ಯ ಬಿಲ್ಲಯ್ಯ ಎಂಬ ಇಬ್ಬರು ಮಕ್ಕಳ ವರ ಕೊಡುತ್ತಾನೆ. ಭಯ ಹುಟ್ಟಿಸಿ ಭಾಷೆ ಕೀಳುವುದು ಯಾರ ಗುಣ, ಅಭಯ ಕೊಡುವುದು ಯಾರ ಗುಣ ಅಂತ ಆ ಸಾಲೇ ಹೇಳಿಬಿಟ್ಟಿದೆ.

ಪುಣ್ಯಕ್ಕೆ ಆ ಹೆಣ್ಣುಮಗಳು ಓಲೆ ಅಡ ಇಡುವ ಮೊದಲು ಬೆಟ್ಟಕ್ಕೆ ಬಂದಳು. ವಯಸ್ಸಾದ ತಮ್ಮಡಿಯೊಬ್ಬರ ಮುಂದೆ ಎಲ್ಲಾ ಹೇಳಿಕೊಂಡು ಅತ್ತಳು. ಅವರು ಕೇಳಿದ್ದು ಒಂದೇ ಮಾತು: "ಮಗೂನ ಎಲ್ಲಿ ಬುಟ್ಟು ಬಂದೆ ತಾಯಿ?" ಮನೆಯಲ್ಲಿ ಅಂದಳು. "ಮೊದಲು ಮೈಸೂರಿಗೆ ಕರಕೊಂಡೋಗಿ ದೊಡ್ಡಾಸ್ಪತ್ರೆಗೆ ತೋರಿಸು. ನಿಮ್ಮತ್ತೆ ಕೇಳಿದ್ದು ಮಗು ಉಳೀಲಿ ಅಂತ ತಾನೇ? ಮಗೂನ ಉಳಿಸೋದೇ ಮೊದಲನೇ ಹರಕೆ. ನಡಿಗೆ ಆಮೇಲಾಯ್ತದೆ, ಮಾದಪ್ಪ ಎಲ್ಲಿಗೂ ಓಗಕ್ಕಿಲ್ಲ" ಅಂದು ವಿಭೂತಿ ಕೊಟ್ಟು ಕಳಿಸಿದರು. ಹುಡುಗನಿಗೆ ಟೈಫಾಯಿಡ್ ಆಗಿತ್ತು. ಹತ್ತು ದಿನ ಆಸ್ಪತ್ರೆ, ಇಪ್ಪತ್ತು ದಿನ ಪಥ್ಯ, ಎದ್ದು ಓಡಾಡಿದ. ಇನ್ನೊಂದು ವಾರ ತಡವಾಗಿದ್ದರೆ ಏನಾಗುತ್ತಿತ್ತೋ ಮಾದಪ್ಪನೇ ಬಲ್ಲ.

ಹರಕೆಗೆ ತಡವಾದರೆ ದೇವರು ಕಾಯುತ್ತಾನೆ ಅನ್ನುವುದಕ್ಕೆ ಈ ಸೀಮೆಯ ಕ್ಷೇತ್ರಗಳೇ ಸಾಕ್ಷಿ. ಚಾಮರಾಜನಗರದ ಚಾಮರಾಜೇಶ್ವರ ದೇವಸ್ಥಾನ ನೋಡಿ. ಮುಮ್ಮಡಿ ಕೃಷ್ಣರಾಜ ಒಡೆಯರು ತಂದೆಯ ನೆನಪಿಗೆ 1826ರಲ್ಲಿ ಕಟ್ಟಿಸಿದ್ದು. ಆಷಾಢದಲ್ಲಿ ಅತ್ತೆ ಮನೆ ಬಾಗಿಲು ದಾಟಬಾರದು ಅಂತ ಹೊಸ ಸೊಸೆ ತವರಲ್ಲಿರುತ್ತಾಳೆ. ಆದರೆ ಈ ದೇವರ ರಥೋತ್ಸವ ನಡೆಯುವುದೇ ಆಷಾಢದಲ್ಲಿ! ಬೇರೆಯಾಗಿರುವ ಹೊಸ ಜೋಡಿಗಳು ಜಾತ್ರೆ ನೆಪದಲ್ಲಿ ಸೇರಿ, ತೇರಿಗೆ ಹಣ್ಣು ಜವನ ಎಸೆದು ಕೈಮುಗಿಯುತ್ತವೆ. ಆ ತೇರು 2017ರಲ್ಲಿ ಬೆಂಕಿಗೆ ಆಹುತಿಯಾಯಿತು. ಹೊಸ ತೇರು ಬಂದು ರಥೋತ್ಸವ ನಡೆದದ್ದು 2022ರಲ್ಲಿ. ಅಷ್ಟು ವರ್ಷ ಮದುವೆಯಾದ ಜೋಡಿಗಳು ಹಣ್ಣು ಜವನ ಎಸೆಯಲಿಲ್ಲ ಅಂತ ಅವರ ಸಂಸಾರವೇನೂ ಕೆಡಲಿಲ್ಲ. ಮಗು ಎತ್ತಿಕೊಂಡು ಬಂದು ಎಸೆದರು.

ತಲಕಾಡಿನ ಪಂಚಲಿಂಗ ದರ್ಶನವೂ ಹಾಗೇ. ಕಾರ್ತೀಕದ ಸೋಮವಾರ ಅಮಾವಾಸ್ಯೆಗೆ ನಕ್ಷತ್ರ ಯೋಗ ಕೂಡಿಬಂದರೆ ಮಾತ್ರ ಉಂಟು. 2006, 2009, 2013 ಆದಮೇಲೆ 2020ರ ಡಿಸೆಂಬರಿಗೇ ಬಂದದ್ದು. ಅದೂ ಕೊರೊನಾ ಕಾಲ, ಜನಕ್ಕೆ ಮಿತಿ. ಏಳು ವರ್ಷ ಕಾದವರೂ ಮನೆಯಲ್ಲೇ ಕೂತು ಕೈಮುಗಿದರು. ಆದರೆ ವೈದ್ಯೇಶ್ವರ, ಪಾತಾಳೇಶ್ವರ, ಮರಳೇಶ್ವರ, ಅರ್ಕೇಶ್ವರ, ಮುಡುಕುತೊರೆಯ ಮಲ್ಲಿಕಾರ್ಜುನ ಈ ಐವರೂ ದಿನಾ ಇದ್ದಾರೆ. ಯೋಗಕ್ಕೇ ಕಾಯಬೇಕೆಂದಿಲ್ಲ. ಹೊಯ್ಸಳ ವಿಷ್ಣುವರ್ಧನ ಚೋಳರನ್ನು ಗೆದ್ದ ನೆನಪಿಗೆ ಕಟ್ಟಿಸಿದ ಕೀರ್ತಿನಾರಾಯಣನನ್ನೂ ಅಲ್ಲೇ ನೋಡಬೇಕು. ಮರಳಲ್ಲಿ ನಡೆಯಬೇಕು, ಬಿಸಿಲೇರುವ ಮುಂಚೆ ಹೋದರೆ ಕಾಲು ಸುಡುವುದಿಲ್ಲ.

ಇನ್ನು ಬಿಳಿಗಿರಿರಂಗನ ಬೆಟ್ಟ. ಬೇರೆ ಕಡೆ ಮಲಗಿರುವ ರಂಗನಾಥ ಇಲ್ಲಿ ಎದ್ದು ನಿಂತಿದ್ದಾನೆ. ರಾತ್ರಿ ಕಾಡೆಲ್ಲಾ ಸುತ್ತುತ್ತಾನೆ, ಚಪ್ಪಲಿ ಸವೆಯುತ್ತದೆ ಅಂತ ನಂಬಿಕೆ. ಬೂದಿತಿಟ್ಟಿನ ಅರುಂಧತಿ ಕುಲದ ಭಕ್ತರು 1 ಅಡಿ 9 ಅಂಗುಲದ ಚರ್ಮದ ಚಪ್ಪಲಿ ಜೋಡಿಯನ್ನು ಎರಡು ವರ್ಷಕ್ಕೊಮ್ಮೆ ಒಪ್ಪಿಸುತ್ತಾರೆ. ಮಿಕ್ಕ ಜಾತಿಯವರೆಲ್ಲಾ ಆ ಚಪ್ಪಲಿಯನ್ನು ತಲೆಗೆ ಮುಟ್ಟಿಸಿಕೊಂಡು ಪುಣ್ಯ ಅನ್ನುತ್ತಾರೆ. ಊರಿಗೆ ಹೋದಮೇಲೂ ಇದು ನೆನಪಿರಬೇಕು, ಬೆಟ್ಟದಲ್ಲಿ ಒಂದು ಕೇರಿಯಲ್ಲಿ ಒಂದು ಆಗಬಾರದು. ಸೋಲಿಗರ ಮಗಳು ಕುಸುಮಾಲೆಯನ್ನು ಕೈಹಿಡಿದನಂತೆ, ಅದಕ್ಕೇ ಸೋಲಿಗರಿಗೆ ಅವನು ರಂಗಭಾವ. ಭಾವನ ಹತ್ತಿರ ಬಾಕಿ ಲೆಕ್ಕಕ್ಕೆ ಹೆದರುವವರುಂಟೆ? ದಾರಿಯಲ್ಲಿ ಯಳಂದೂರಿನ ಗೌರೇಶ್ವರ ದೇವಸ್ಥಾನದ ಬಳೇಮಂಟಪ ಬಿಡಬೇಡಿ. ಒಂದೇ ಕಲ್ಲಲ್ಲಿ ಬಳೆಬಳೆಯಾಗಿ ಸರಪಣಿ ಕಡೆದಿದ್ದಾರೆ.

ನಂಜನಗೂಡಿನ ಶ್ರೀಕಂಠೇಶ್ವರನ ಮಾತು ಎಲ್ಲರಿಗೂ ಗೊತ್ತು. ಏಳು ಅಂತಸ್ತಿನ ಗೋಪುರ, ಐದು ತೇರಿನ ದೊಡ್ಡ ಜಾತ್ರೆ, ಕಪಿಲೆಯ ಸ್ನಾನ. ಟಿಪ್ಪು ಸುಲ್ತಾನ್ ತನ್ನ ಆನೆಯ ಕಣ್ಣು ವಾಸಿಯಾದದ್ದಕ್ಕೆ ಹಕೀಮ್ ನಂಜುಂಡ ಅಂತ ಕರೆದು ಪಚ್ಚೆಲಿಂಗ ಒಪ್ಪಿಸಿದನೆಂದು ಹೇಳುತ್ತಾರೆ. ಹಕೀಮ ಅಂದರೆ ವೈದ್ಯ. ದೇವರನ್ನೇ ವೈದ್ಯ ಅಂದ ಸೀಮೆ ಇದು, ವೈದ್ಯರ ಹತ್ತಿರ ಹೋದರೆ ದೇವರು ಬೇಜಾರಾಗುತ್ತಾನೆ ಅನ್ನುವ ಮಾತೆಲ್ಲಿ ಬಂತು? ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೂ ಹೋಗಿಬನ್ನಿ. ಸ್ವಂತ ವಾಹನ ಬಿಡುವುದಿಲ್ಲ, ಕೆಳಗಿನಿಂದ ಸರ್ಕಾರಿ ಬಸ್ಸಿದೆ.

ಮಗು ಚೇತರಿಸಿಕೊಂಡ ಮೇಲೆ ಆ ಸೊಸೆ ಶಿವರಾತ್ರಿ ಪರ್ಸೆಯವರ ಜೊತೆ ತಾಳಬೆಟ್ಟದಿಂದ ನಡೆದಳು. ಯಾರೂ ಹೇಳಿರಲಿಲ್ಲ, ಅತ್ತೆ ಮೇಲಿನ ಪ್ರೀತಿಗೆ ನಡೆದಳು. (ನಡೆಯುವವರು ಗುಂಪಿನಲ್ಲೇ ನಡೆಯಬೇಕು. ಆನೆ, ಚಿರತೆ ಓಡಾಡುವ ದಾರಿ. ಅರಣ್ಯ ಇಲಾಖೆಯವರು ಬೇಡವೆಂದ ದಿನ ಬೇಡ. ಬಾಟಲಿ, ಕವರು ಕಾಡಲ್ಲಿ ಎಸೆಯಬೇಡಿ.) ಹುಡುಗ ಅಪ್ಪನ ಜೊತೆ ಬಸ್ಸಲ್ಲಿ ಬಂದು ದಾಸೋಹದ ಹತ್ತಿರ ಕಾಯುತ್ತಿದ್ದ. ಅತ್ತೆಯ ಮುಡುಪನ್ನು ಅವನ ಕೈಯಿಂದಲೇ ಹುಂಡಿಗೆ ಹಾಕಿಸಿದಳು. ಗಂಟು ಬಿಚ್ಚಬೇಕಾ ಅಂತ ಹುಡುಗ ಕೇಳಿದ. ಬೇಡ, ಅಜ್ಜಿ ಕಟ್ಟಿದ್ದು, ಹಂಗೇ ಹಾಕು ಅಂದಳು. ಓಲೆ ಅವಳ ಕಿವಿಯಲ್ಲೇ ಇತ್ತು.